ಅಂತಿಮ ತೀರ್ಪನ್ನು ಸಾರಿದ ಸಂತ ವಿನ್ಸೆಂಟ್ ಫೆರರ್

ನಮ್ಮ ಧರ್ಮಕೇಂದ್ರವು ನೂರು ಸಂವತ್ಸರಗಳನ್ನು ಪೂರೈಸಿರುವ ಈ ಶುಭಸಂದರ್ಭದಲ್ಲಿ ಕಾಲಗಣನೆಯ ಮಾತು ಎಲ್ಲರ ಬಾಯಲ್ಲೂ ಇದೆ. ಗತಿಸಿದ ವರ್ಷಗಳನ್ನು ಎಣಿಸುವುದು ಸುಲಭ. ಜ್ಞಾನಸ್ನಾನದ ದಾಖಲೆ ಪುಸ್ತಕಗಳು ನಮ್ಮ ಕಪಾಟಿನಲ್ಲೇ ಇವೆ. ಆದರೆ ಲೋಕಕ್ಕೆ ಇನ್ನುಳಿದಿರುವ ವರ್ಷಗಳೆಷ್ಟು, ಪ್ರಭುವಿನ ಪುನರಾಗಮನ ಎಂದು, ಎಂಬ ಎಣಿಕೆಯಲ್ಲಿ ತೊಡಗಿದವರೂ ಕ್ರೈಸ್ತ ಇತಿಹಾಸದಲ್ಲಿ ಕಡಿಮೆಯಿಲ್ಲ. 2000ನೆಯ ಇಸವಿಯ ಹೊಸ್ತಿಲಲ್ಲಿ ಮೂರು ದಿನ ಕತ್ತಲು ಕವಿಯುವುದೆಂದು ನಂಬಿ ಮೇಣದ ಬತ್ತಿಗಳನ್ನು ಆಶೀರ್ವದಿಸಿಕೊಳ್ಳಲು ಬಂದವರನ್ನೂ, 2012ರ ಡಿಸೆಂಬರಿನಲ್ಲಿ ನಿದ್ರೆಗೆಟ್ಟವರನ್ನೂ ನಾವು ಕಂಡಿದ್ದೇವೆ. ಅವರನ್ನು ಕಂಡು ನಗುವ ಮೊದಲು ಒಬ್ಬ ಮಹಾಸಂತರ ಜೀವನದತ್ತ ದೃಷ್ಟಿ ಹರಿಸುವುದು ಲೇಸು. ಮಂಗಳೂರಿನ ವೆಲೆನ್ಸಿಯಾದ ದೇವಾಲಯವು ಅವರ ಹೆಸರನ್ನೇ ಹೊತ್ತಿದೆ.

ಸಂತ ವಿನ್ಸೆಂಟ್ ಫೆರರ್‌ರವರು 1350ರ ಜನವರಿಯಲ್ಲಿ ಸ್ಪೇನ್ ದೇಶದ ವೆಲೆನ್ಸಿಯಾ ನಗರದಲ್ಲಿ ಜನಿಸಿದರು. ಯೂರೋಪನ್ನು ಸ್ಮಶಾನವನ್ನಾಗಿಸಿದ ಮಹಾಮಾರಿ ಪ್ಲೇಗು ಆ ನಾಡನ್ನು ಹೊಕ್ಕು ಆಗ ಎರಡು ವರ್ಷಗಳಷ್ಟೇ ಕಳೆದಿದ್ದವು. ತಂದೆ ಪತ್ರ ದಸ್ತಾವೇಜುಗಳನ್ನು ಬರೆದು ದೃಢೀಕರಿಸುವ ವೃತ್ತಿಯವರು. ಬಾಲಕ ಹದಿನೇಳನೆಯ ವಯಸ್ಸಿನಲ್ಲಿ ಡೊಮಿನಿಕನ್ ಸಭೆಯನ್ನು ಸೇರಿ, ತರ್ಕಶಾಸ್ತ್ರ ದೈವಶಾಸ್ತ್ರಗಳಲ್ಲಿ ಪಾರಂಗತನಾಗಿ, ಯಾಜಕದೀಕ್ಷೆಯನ್ನು ಪಡೆದನು.

1378ರಲ್ಲಿ ಧರ್ಮಸಭೆಯ ಮೇಲೆ ದೊಡ್ಡ ಆಪತ್ತು ಎರಗಿತು. ರೋಮಿನಲ್ಲಿ ಒಬ್ಬ ಪೋಪರು, ಫ್ರಾನ್ಸಿನ ದಕ್ಷಿಣದ ಅವಿನ್ಯೋನಿನಲ್ಲಿ ಇನ್ನೊಬ್ಬರು. ಇಬ್ಬರೂ ತಾವೇ ಸಂತ ಪೇತ್ರರ ನಿಜವಾದ ಉತ್ತರಾಧಿಕಾರಿ ಎಂದು ಸಾರಿದರು. ರಾಜ್ಯಗಳು ಒಡೆದವು, ಮಠಗಳು ಒಡೆದವು. ಸಂತರಲ್ಲೂ ಭಿನ್ನಾಭಿಪ್ರಾಯ ತಲೆದೋರಿತು. ಸಿಯೆನಾದ ಸಂತ ಕ್ಯಾಥರೀನಳು ರೋಮಿನ ಪಕ್ಷವನ್ನು ಎತ್ತಿ ಹಿಡಿದರೆ ನಮ್ಮ ವಿನ್ಸೆಂಟರು ಅವಿನ್ಯೋನನ್ನು ಸಮರ್ಥಿಸಿ 1380ರಲ್ಲಿ ಒಂದು ಪ್ರಬಂಧವನ್ನೇ ರಚಿಸಿದರು. 1394ರಲ್ಲಿ ಅವರ ಮಿತ್ರರಾದ ಕಾರ್ಡಿನಲ್ ಪೆದ್ರೊ ದೆ ಲೂನಾರವರು ಹದಿಮೂರನೆಯ ಬೆನೆಡಿಕ್ಟ್ ಎಂಬ ಹೆಸರಿನಿಂದ ಅವಿನ್ಯೋನಿನ ಗದ್ದುಗೆಯೇರಿದಾಗ ವಿನ್ಸೆಂಟರು ಅವರಿಗೆ ಪಾಪನಿವೇದನೆಯ ಗುರುಗಳಾದರು.

ನಾಲ್ಕು ವರ್ಷಗಳ ತರುವಾಯ ಫ್ರೆಂಚರು ಆ ಅರಮನೆಯನ್ನು ಮುತ್ತಿದರು. ಇಬ್ಬಾಗವಾದ ಧರ್ಮಸಭೆಯ ಚಿಂತೆಯಿಂದ ಕೃಶರಾಗಿ ವಿನ್ಸೆಂಟರು ಹಾಸಿಗೆ ಹಿಡಿದಿದ್ದರು. 1398ರ ಅಕ್ಟೋಬರ್ 3ರಂದು, ಸಂತ ಫ್ರಾನ್ಸಿಸರ ಹಬ್ಬದ ಮುನ್ನಾದಿನ, ಅವರಿಗೊಂದು ದರ್ಶನವಾಯಿತು. ಸಂತ ಡೊಮಿನಿಕ್ ಹಾಗೂ ಸಂತ ಫ್ರಾನ್ಸಿಸರೊಡನೆ ಪ್ರಭು ಕ್ರಿಸ್ತರು ಕಾಣಿಸಿಕೊಂಡು, ಲೋಕಸಂಚಾರ ಮಾಡಿ ಪಶ್ಚಾತ್ತಾಪವನ್ನು ಸಾರುವಂತೆ ಆಜ್ಞಾಪಿಸಿದರೆಂದು ಅವರು ನಂಬಿದರು. ರೋಗ ಗುಣವಾಯಿತು. 1399ರ ನವೆಂಬರಿನಲ್ಲಿ, ಐವತ್ತರ ಅಂಚಿನಲ್ಲಿದ್ದ ಆ ಪಂಡಿತರು ಅರಮನೆಯನ್ನು ತೊರೆದು ಬೀದಿಗಿಳಿದರು. ಮುಂದಿನ ಇಪ್ಪತ್ತು ವರ್ಷ ಅವರಿಗೆ ಬೀದಿಯೇ ಮಠವಾಯಿತು.

ಫ್ರಾನ್ಸ್, ಸವಾಯ್, ಲೊಂಬಾರ್ಡಿ, ಸ್ವಿಟ್ಜರ್ಲೆಂಡಿನ ಕಣಿವೆಗಳು, ಬಳಿಕ ಸ್ಪೇನಿನ ನಗರಗಳು: ಹೀಗೆ ಮೊದಮೊದಲು ಕಾಲ್ನಡಿಗೆಯಲ್ಲಿ, ಕಾಲು ನೊಂದ ಮೇಲೆ ಕತ್ತೆಯ ಮೇಲೆ ಅವರು ಸಂಚರಿಸಿದರು. ಬೆಳಗ್ಗೆ ಗಾನ ಬಲಿಪೂಜೆ, ಅನಂತರ ದೇವಾಲಯದಲ್ಲಿ ಜನ ಹಿಡಿಸದ ಕಾರಣ ಬಯಲಿನಲ್ಲಿ ಕಟ್ಟಿದ ಮರದ ವೇದಿಕೆಯಿಂದ ಗಂಟೆಗಟ್ಟಲೆ ಪ್ರಬೋಧನೆ. ಹಿಂಬಾಲಿಸಿದ ಯಾಜಕರು ಪಾಪನಿವೇದನೆಗಳನ್ನು ಆಲಿಸುತ್ತಿದ್ದರು. ತಲೆಮಾರುಗಳಿಂದ ಕತ್ತಿ ಮಸೆಯುತ್ತಿದ್ದ ಮನೆತನಗಳು ಅಲ್ಲಿ ರಾಜಿಯಾದವು. ಅವರ ನೆಚ್ಚಿನ ವಿಷಯ ಅಂತಿಮ ತೀರ್ಪು. ಪ್ರಕಟನಾ ಗ್ರಂಥದ ಹದಿನಾಲ್ಕನೆಯ ಅಧ್ಯಾಯದಲ್ಲಿ ತೀರ್ಪಿನ ಗಳಿಗೆಯನ್ನು ಸಾರುತ್ತಾ ಆಕಾಶದಲ್ಲಿ ಹಾರುವ ದೇವದೂತನು ಇವರೇ ಎಂದು ಜನರು ನಂಬಿದರು. ಚಿತ್ರಕಾರರು ಅವರಿಗೆ ರೆಕ್ಕೆಗಳನ್ನೂ ಬರೆದರು.

ಪವಾಡಗಳ ಪಟ್ಟಿಯನ್ನು ನಾವು ಇಲ್ಲಿ ಕೊಡಲಾರೆವು, ಅದಕ್ಕೊಂದು ಪ್ರತ್ಯೇಕ ಸಂಚಿಕೆಯೇ ಬೇಕಾದೀತು. 1412ನೆಯ ವರ್ಷದ ಬಳಿ ಮಾತ್ರ ಸ್ವಲ್ಪ ನಿಲ್ಲೋಣ. ಆ ಜೂನ್ ತಿಂಗಳಲ್ಲಿ ಕಾಸ್ಪೆ ಎಂಬಲ್ಲಿ ಕೂಡಿದ ಒಂಬತ್ತು ಮಂದಿ ಪಂಚರಲ್ಲಿ ವಿನ್ಸೆಂಟರೂ ಒಬ್ಬರಾಗಿ, ಅರಸನಿಲ್ಲದ ಅರಗಾನ್ ರಾಜ್ಯಕ್ಕೆ ಫರ್ಡಿನೆಂಡನನ್ನು ಆರಿಸಿ ಅಂತರ್ಯುದ್ಧವನ್ನು ತಪ್ಪಿಸಿದರು. ಇಂತಹ ವ್ಯವಹಾರಜ್ಞಾನಿಯೇ ಒಂದು ತಿಂಗಳ ತರುವಾಯ, ಜುಲೈ 27ರಂದು, ಅಲ್ಕಾನ್ಯೀಸ್ ಪಟ್ಟಣದಿಂದ ಬೆನೆಡಿಕ್ಟರಿಗೆ ದೀರ್ಘ ಪತ್ರವೊಂದನ್ನು ಬರೆದು ಲೋಕಾಂತ್ಯದ ಕುರಿತ ತಮ್ಮ ನಿಲುವನ್ನು ವಿವರಿಸಿದರು. ಒಬ್ಬ ತಪಸ್ವಿಯ ದರ್ಶನವೇ ಮೊದಲಾದ ಹಲವು ಸಾಕ್ಷ್ಯಗಳನ್ನು ಮುಂದಿಟ್ಟು, ಕ್ರಿಸ್ತವಿರೋಧಿಯು ಒಂಬತ್ತು ವರ್ಷಗಳ ಹಿಂದೆಯೇ, ಅಂದರೆ 1403ರಲ್ಲಿ, ಹುಟ್ಟಿದ್ದಾನೆಂದು ತಮಗೆ ತೋರುತ್ತದೆ ಎಂದರು. ಇಲ್ಲಿ ಅವರ ಎಚ್ಚರಿಕೆಯನ್ನು ಗಮನಿಸಬೇಕು. ಆ ಜನನದ ಮಾತು ತಮಗೆ ಸಂಭವನೀಯ ಅಭಿಪ್ರಾಯವೇ ಹೊರತು ನಿಶ್ಚಿತ ಜ್ಞಾನವಲ್ಲ. ಅಂತ್ಯವು ಬಹು ಶೀಘ್ರವಾಗಿ ಬರಲಿದೆ ಎಂಬುದನ್ನು ಮಾತ್ರ ತಾವು ನಿಸ್ಸಂದೇಹವಾಗಿ ಸಾರುತ್ತಿರುವುದಾಗಿ ತಿಳಿಸಿ, ಎಲ್ಲವನ್ನೂ ಪೋಪರ ತಿದ್ದುಪಡಿಗೆ ಒಪ್ಪಿಸಿದರು.

1403ರಲ್ಲಿ ಹುಟ್ಟಿದ ಶಿಶುಗಳು ಬೆಳೆದು, ಮುದುಕರಾಗಿ, ಮಣ್ಣಾದರು. ಲೋಕ ಉಳಿಯಿತು. ಹಾಗಾದರೆ ಸಂತರು ತಪ್ಪಿದರೇ? ಯೋನನ ಬೋಧನೆಗೆ ನಿನೆವೆ ಪಟ್ಟಣವು ಪಶ್ಚಾತ್ತಾಪಪಟ್ಟು ಶಿಕ್ಷೆಯಿಂದ ಪಾರಾದಂತೆ, ಇವರ ಬೋಧನೆಯಿಂದ ಯೂರೋಪು ತಿರುಗಿದ್ದರಿಂದಲೇ ಅಂತ್ಯವು ಮುಂದಕ್ಕೆ ಹೋಯಿತೆಂದು ಕೆಲವು ಚರಿತ್ರಕಾರರು ಸಮಾಧಾನ ಹೇಳುತ್ತಾರೆ. ಭಕ್ತಿಯ ದೃಷ್ಟಿಯಿಂದ ಈ ವಾದ ಸೊಗಸಾಗಿದೆ, ಆದರೆ ನಮಗೆ ಇದು ಅನಗತ್ಯವೆಂದು ತೋರುತ್ತದೆ. ಆ ದಿನವನ್ನೂ ಗಳಿಗೆಯನ್ನೂ ಪಿತನ ಹೊರತು ಯಾರೂ ಅರಿಯರೆಂದು ಪ್ರಭುವೇ ಬೋಧಿಸಿದ್ದಾರೆ. ಈ ಮಾತನ್ನು ಹಿಡಿದು ಸಂತ ಅಗಸ್ಟೀನರು ಅವರಿಗಿಂತ ಸಾವಿರ ವರ್ಷ ಮೊದಲೇ ಲೆಕ್ಕಾಚಾರಗಾರರಿಗೆ ಬೆರಳು ಮಡಚಲು ಹೇಳಿದ್ದರು. ಸಂತ ಪದವಿಯು ಎಲ್ಲ ಅಭಿಪ್ರಾಯಗಳಿಗೂ ಒತ್ತಿದ ಮುದ್ರೆಯಲ್ಲ.

ಈ ಅವಸರಕ್ಕೆ ಇನ್ನೊಂದು ಮುಖವೂ ಇತ್ತು, ಅದನ್ನು ಮುಚ್ಚಿಡುವುದು ನ್ಯಾಯವಲ್ಲ. ಕಾಲ ಉಳಿದಿಲ್ಲವೆಂದು ನಂಬಿದವರು ಯೆಹೂದ್ಯರ ಮತಾಂತರಕ್ಕೆ ಆತುರಪಟ್ಟರು. ವಿನ್ಸೆಂಟರು ಕತ್ತಿಯ ಬಲವನ್ನು ಒಪ್ಪಲಿಲ್ಲ, ನಿಜ. ಆದರೆ ಯೆಹೂದ್ಯರನ್ನು ಪ್ರತ್ಯೇಕ ಕೇರಿಗಳಿಗೆ ತಳ್ಳಿ, ಅವರ ಉಡುಪು ವ್ಯಾಪಾರಗಳನ್ನು ನಿರ್ಬಂಧಿಸಿದ 1412ರ ಕಾಸ್ಟೀಲಿನ ಕಾನೂನುಗಳ ಹಿಂದೆ ಅವರ ಪ್ರಭಾವವಿತ್ತೆಂದು ಇತಿಹಾಸಕಾರರು ಹೇಳುತ್ತಾರೆ. ಎರಡನೆಯ ವ್ಯಾಟಿಕನ್ ಮಹಾಸಭೆಯು 1965ರಲ್ಲಿ ಯೆಹೂದ್ಯರ ಕುರಿತು ನೀಡಿದ ಬೋಧನೆಯನ್ನು ಓದಿರುವ ನಮಗೆ ಆ ಪುಟಗಳು ನೋವನ್ನೇ ಕೊಡುತ್ತವೆ.

ಅವರ ನಿಜವಾದ ಅಗ್ನಿಪರೀಕ್ಷೆ ಇನ್ನೂ ಮುಂದಿತ್ತು. 1409ರ ಬಳಿಕ ಪೋಪ್ ಪದವಿಗೆ ಹಕ್ಕು ಸಾಧಿಸುವವರು ಮೂವರಾಗಿದ್ದರು. ಕಾನ್‌ಸ್ಟೆನ್ಸ್ ಮಹಾಸಭೆ ಒಡಕನ್ನು ಮುಚ್ಚಲು ಹೆಣಗುತ್ತಿದ್ದರೂ ಬೆನೆಡಿಕ್ಟರು ಪದತ್ಯಾಗಕ್ಕೆ ಒಪ್ಪಲಿಲ್ಲ. 1415ರಲ್ಲಿ ಪರ್ಪಿನ್ಯಾನ್ ನಗರದಲ್ಲಿ ಚಕ್ರವರ್ತಿಯೂ ಅರಸನೂ ಬೇಡಿದರು, ವಿನ್ಸೆಂಟರೂ ಬೇಡಿದರು, ಫಲವಾಗಲಿಲ್ಲ. ಕೊನೆಗೆ 1416ರ ಜನವರಿ 6ರಂದು, ಮೂರು ರಾಯರ ಹಬ್ಬದ ದಿನ, ಅರಗಾನ್ ರಾಜ್ಯವು ಬೆನೆಡಿಕ್ಟರಿಗೆ ವಿಧೇಯತೆಯನ್ನು ಹಿಂತೆಗೆದುಕೊಂಡಿದೆ ಎಂಬ ಘೋಷಣೆಯನ್ನು ಜನರ ಮುಂದೆ ಓದಿದವರು ಅವರ ಹಳೆಯ ಮಿತ್ರರೇ. ಮೂರು ದಶಕಗಳಿಗೂ ಮಿಕ್ಕಿ ಸಮರ್ಥಿಸಿದ ಪಕ್ಷವನ್ನು ಧರ್ಮಸಭೆಯ ಐಕ್ಯಕ್ಕಾಗಿ ಎಲ್ಲರೆದುರು ಕೈಬಿಡುವುದು ಅರವತ್ತೈದು ದಾಟಿದ ವೃದ್ಧರಿಗೆ ಎಷ್ಟು ಕಠಿಣವಾಗಿದ್ದಿರಬೇಕು! ಅವರ ಪವಾಡಗಳಿಗಿಂತಲೂ ಇದನ್ನೇ ನಾವು ದೊಡ್ಡದೆಂದು ಬಗೆಯುತ್ತೇವೆ. 1417ರ ನವೆಂಬರಿನಲ್ಲಿ ಐದನೆಯ ಮಾರ್ಟಿನ್‌ರವರು ಆಯ್ಕೆಯಾಗಿ ಧರ್ಮಸಭೆಗೆ ಒಬ್ಬರೇ ಪೋಪರು ದೊರೆತರು. ಬೆನೆಡಿಕ್ಟರು ಮಾತ್ರ ಪೆನಿಸ್ಕೊಲಾ ಕೋಟೆಯಲ್ಲಿ ತಾವೇ ಪೋಪರೆನ್ನುತ್ತಾ ಕೊನೆಯುಸಿರೆಳೆದರು.

ಒಂದು ಶತಮಾನದ ಬಳಿಕ, 1516ರಲ್ಲಿ, ಐದನೆಯ ಲ್ಯಾಟರನ್ ಮಹಾಸಭೆಯು ಕ್ರಿಸ್ತವಿರೋಧಿಯ ಆಗಮನಕ್ಕಾಗಲಿ ತೀರ್ಪಿನ ದಿನಕ್ಕಾಗಲಿ ನಿಶ್ಚಿತ ಕಾಲವನ್ನು ಸಾರಕೂಡದೆಂದು ಪ್ರಬೋಧಕರಿಗೆ ಕಟ್ಟಪ್ಪಣೆ ಮಾಡಿತು. ಖಾಸಗಿ ದರ್ಶನಗಳನ್ನು ಪೀಠದಿಂದ ಪ್ರಕಟಿಸುವ ಮುನ್ನ ಧರ್ಮಸಭೆಯ ಪರಿಶೀಲನೆಗೆ ಒಪ್ಪಿಸಬೇಕೆಂದೂ ವಿಧಿಸಿತು. ಇಂದು ಯಾರಾದರೂ ತಾರೀಖು ನಮೂದಿಸಿದ ಕರಪತ್ರವನ್ನು ಮನೆ ಬಾಗಿಲಿಗೆ ತಂದಾಗ ಈ ಅಪ್ಪಣೆಯನ್ನು ಭಕ್ತಾದಿಗಳು ಸ್ಮರಿಸಬಹುದು.

ವಿನ್ಸೆಂಟರು ತಮ್ಮ ಕೊನೆಯ ದಿನಗಳನ್ನು ಫ್ರಾನ್ಸಿನ ಪಶ್ಚಿಮ ತೀರದ ಬ್ರಿಟನಿಯಲ್ಲಿ ಕಳೆದರು. ಜರ್ಜರಿತ ದೇಹವನ್ನು ಇತರರು ಹಿಡಿದು ವೇದಿಕೆಯೇರಿಸಬೇಕಾಗಿತ್ತು. ಏರಿದ ಮೇಲೆ ಸ್ವರವು ಯುವಕನ ಸ್ವರವಾಗುತ್ತಿತ್ತೆಂದು ಕಂಡವರು ಸಾಕ್ಷ್ಯ ನುಡಿದರು. 1419ರ ಏಪ್ರಿಲ್ 5ರಂದು ವಾನ್ ನಗರದಲ್ಲಿ ಅವರು ಪ್ರಭುವಿನಲ್ಲಿ ನಿದ್ರಿಸಿದರು. 1455ರಲ್ಲಿ ಅವರ ನಾಡಿನವರೇ ಆದ ಪೋಪ್ ಮೂರನೆಯ ಕಲಿಕ್ಸ್ತರು ಅವರನ್ನು ಸಂತರ ಪಟ್ಟಿಗೆ ಸೇರಿಸಿದರು. ಅವರ ಸಮಾಧಿಯು ಇಂದಿಗೂ ವಾನ್ ನಗರದ ಪ್ರಧಾನಾಲಯದಲ್ಲಿದೆ.