ಸೊನ್ನಲಿಗೆಯ ನಿಜವಾದ ಒಡೆಯ: ಶಿವಯೋಗಿ ಸಿದ್ಧರಾಮ



ಇಂದಿನ ಸೊಲ್ಲಾಪುರಕ್ಕೆ 12ನೆಯ ಶತಮಾನದಲ್ಲಿ ಸೊನ್ನಲಿಗೆ ಎಂಬ ಹೆಸರಿತ್ತು. ಕಲ್ಯಾಣದ ಚಾಲುಕ್ಯರ ಆಳ್ವಿಕೆ ಮುಗಿದು ಕಳಚುರಿ ಬಿಜ್ಜಳ ಅಧಿಕಾರ ಹಿಡಿದ ಕಾಲವದು. ಈ ಚಿಕ್ಕ ಊರಿನ ಮುದ್ದಗೌಡ ಮತ್ತು ಸುಗ್ಗವ್ವ ದಂಪತಿಗಳ ಮಗನೇ ಸಿದ್ಧರಾಮ.

ದನ ಕಾಯುತ್ತಿದ್ದ ಬಾಲಕನ ಬಳಿಗೆ ಮಲ್ಲಯ್ಯನೇ ಜಂಗಮನಾಗಿ ಬಂದನೆಂದು ಪರಂಪರೆ ಹೇಳುತ್ತದೆ. ಅವನನ್ನು ಹುಡುಕುತ್ತ ಬಾಲಕ ಶ್ರೀಶೈಲದವರೆಗೆ ಹೋದ. ಮರಳಿ ಬಂದವರು ಗುಡಿ ಕಟ್ಟಿಸಿ, ಲಿಂಗಗಳನ್ನು ಸ್ಥಾಪಿಸಿ, ಬರದ ನೆಲದಲ್ಲಿ ಕೆರೆ ತೋಡಿಸಿದರು. ರಾಣಿ ಚಾಮಲದೇವಿ ಭೂಮಿ ಕೊಟ್ಟಳೆಂಬ ಮಾತೂ ಇದೆ.

ಆಗ ಅಲ್ಲಮಪ್ರಭುಗಳು ಬಂದು, ಅವರನ್ನು ಮಣ್ಣು ಅಗೆಯುವ ಒಡ್ಡನೆಂದು ಕರೆದು ಕೆಣಕಿದರು. ಹೊರಗೆ ಕೆರೆ ತೋಡಿದರೆ ಸಾಕೇ, ಒಳಗಿನ ಅರಿವು ಬೇಡವೇ ಎಂಬುದು ಅವರ ಪ್ರಶ್ನೆಯಾಗಿತ್ತು. ಸಿದ್ಧರಾಮರು ಅವರೊಡನೆ ಕಲ್ಯಾಣಕ್ಕೆ ಹೋಗಿ, ಚೆನ್ನಬಸವಣ್ಣನವರಿಂದ ಇಷ್ಟಲಿಂಗ ದೀಕ್ಷೆ ಪಡೆದರು. ಕಪಿಲಸಿದ್ಧ ಮಲ್ಲಿಕಾರ್ಜುನ ಎಂಬ ಅಂಕಿತದಲ್ಲಿ ಅವರ ಸಾವಿರಕ್ಕೂ ಹೆಚ್ಚು ವಚನಗಳು ದೊರೆತಿವೆ. ಕೊನೆಗೆ ತಮ್ಮ ಊರಿನಲ್ಲಿಯೇ ಐಕ್ಯರಾದರು. ಕವಿ ರಾಘವಾಂಕ ಅವರ ಚರಿತ್ರೆಯನ್ನು ಷಟ್ಪದಿಯಲ್ಲಿ ಬರೆದ.

ಬಳಿಕ ಯಾದವರು, ಬಹಮನಿಗಳು, ಆದಿಲಶಾಹಿಗಳು, ಮರಾಠರು, ಆಂಗ್ಲರು ಬಂದುಹೋದರು. ಕೆರೆಯ ಪಕ್ಕದ ಕೋಟೆ ಪಾಳುಬಿದ್ದಿದೆ. ಆದರೆ ಕೆರೆಯ ನಡುವೆ ಸಿದ್ಧೇಶ್ವರ ಗುಡಿಯಲ್ಲಿ ಇಂದಿಗೂ ದೀಪ ಉರಿಯುತ್ತಿದೆ. ಸಂಕ್ರಾಂತಿಯ ಗಡ್ಡಾ ಜಾತ್ರೆಯಲ್ಲಿ ಏಳು ನಂದಿಧ್ವಜಗಳು ಹೊರಡುತ್ತವೆ. ಕುಂಬಾರ ಕನ್ಯೆಯೊಬ್ಬಳು ಸಿದ್ಧರಾಮರನ್ನು ವರಿಸಲು ಬಯಸಿದಾಗ, ತಮ್ಮ ಯೋಗದಂಡದೊಡನೆ ವಿವಾಹವಾಗಲು ಅವರು ಒಪ್ಪಿದರಂತೆ. ಅದರ ನೆನಪಿಗೆ ಸಮ್ಮತಿ ಕಟ್ಟೆಯ ಬಳಿ ಅಕ್ಷತೆಯ ಕಾರ್ಯ ನಡೆಯುತ್ತದೆ. ಮರಾಠಿ, ಕನ್ನಡ, ತೆಲುಗು ಮಾತನಾಡುವವರೆಲ್ಲ ಅಂದು ಒಟ್ಟಿಗೆ ಅಕ್ಷತೆ ಹಾಕುತ್ತಾರೆ. ಆಳಿದವರ ಹೆಸರು ಮರೆತುಹೋದರೂ ಕೆರೆ ತೋಡಿದವರ ಹೆಸರು ಉಳಿಯಿತು.

ಆದರೆ ಒಂದು ಮಾತು. ಜಾತ್ರೆಯಲ್ಲಿ ಅಕ್ಷತೆ ಹಾಕುವ ನಮ್ಮ ಮಕ್ಕಳಲ್ಲಿ ಅವರ ವಚನಗಳನ್ನು ಕನ್ನಡದಲ್ಲಿ ಓದಬಲ್ಲವರು ಎಷ್ಟು ಜನ? ಕೆರೆಗೆ ಹೂಳು ತುಂಬಿದರೆ ಊರವರು ಸೇರಿ ಎತ್ತುತ್ತಾರೆ. ಭಾಷೆಗೆ ತುಂಬಿದ ಹೂಳನ್ನೂ ನಾವೇ ಎತ್ತಬೇಕು. ಸೊಲ್ಲಾಪುರ, ಅಕ್ಕಲಕೋಟೆ ಹಾಗೂ ಗಡಿಯ ಎಲ್ಲ ಊರುಗಳ ಸದಸ್ಯರು ತಮ್ಮ ಮನೆಯ ಮಕ್ಕಳಿಗೆ ವಾರಕ್ಕೊಂದು ವಚನ ಓದಿಸಬೇಕೆಂದು ಸವಿನಯ ವಿನಂತಿ.

ಇಂತಿ ತಮ್ಮ ವಿಶ್ವಾಸಿ,
ಕಾರ್ಯದರ್ಶಿ