ಅಜ್ಜಿಯ ಮನೆ, ರುಫಿಸ್ಕ್‌ನ ಶಾಲೆ: ಮರಿಯಾಮಾ ಬಾ ಅವರ ಬದುಕಿನಲ್ಲಿ ಪ್ರೇಮದ ಪ್ರಶ್ನೆ

ಆಫ್ರಿಕಾದ ಮಹಿಳಾ ಸಾಹಿತ್ಯವನ್ನು ಕುರಿತ ಚರ್ಚೆಗಳಲ್ಲಿ ಸೆನೆಗಲ್‌ನ ಮರಿಯಾಮಾ ಬಾ ಅವರನ್ನು ಫ್ರೆಂಚ್ ಶಿಕ್ಷಣದ ಬಲದಿಂದ ಸಂಪ್ರದಾಯವನ್ನು ಧಿಕ್ಕರಿಸಿದ ಲೇಖಕಿಯೆಂದು ಗುರುತಿಸುವುದುಂಟು. ಅವರ ಬದುಕನ್ನೂ ಬರಹವನ್ನೂ ಒಟ್ಟಿಗೆ ಇಟ್ಟು ನೋಡಿದರೆ ಈ ಗ್ರಹಿಕೆ ನಿಲ್ಲುವುದಿಲ್ಲ. ಹೆಣ್ಣೊಬ್ಬಳು ಪ್ರೇಮವೆಂದು ಯಾವುದನ್ನು ತಿಳಿಯುತ್ತಾಳೆ, ಆ ತಿಳಿವಳಿಕೆಯಲ್ಲಿ ಅವಳನ್ನು ಬೆಳೆಸಿದವರ ಪಾಲೆಷ್ಟು ಎಂಬುದು ಅವರ ಮುಖ್ಯ ಪ್ರಶ್ನೆಯಾಗಿತ್ತು.

ಮರಿಯಾಮಾ ಬಾ 1929ರ ಏಪ್ರಿಲ್ 17ರಂದು ಡಾಕರ್‌ನಲ್ಲಿ ಜನಿಸಿದರು. ಎಳವೆಯಲ್ಲಿಯೇ ತಾಯಿಯನ್ನು ಕಳೆದುಕೊಂಡ ಅವರನ್ನು ತಾಯಿಯ ಕಡೆಯ ಅಜ್ಜ-ಅಜ್ಜಿಯರು ಸಾಕಿದರು. ಅದು ಧರ್ಮನಿಷ್ಠ ಮುಸ್ಲಿಂ ಕುಟುಂಬ. ಕುರಾನ್ ಪಠಣವೂ ಮನೆಗೆಲಸವೂ ಅಲ್ಲಿನ ಶಿಕ್ಷಣವಾಗಿದ್ದವು. ಹೆಣ್ಣುಮಗುವನ್ನು ಪ್ರಾಥಮಿಕ ಹಂತದಾಚೆಗೆ ಓದಿಸುವ ಅಗತ್ಯ ಮನೆಯ ಹಿರಿಯರಿಗೆ ಕಂಡಿರಲಿಲ್ಲ. ತಂದೆ ನಿಯೆಲೆ ಬಾ ವಸಾಹತು ಆಡಳಿತದಲ್ಲಿ ನೌಕರರಾಗಿದ್ದು, 1956ರಲ್ಲಿ ಆರೋಗ್ಯ ಸಚಿವರಾದವರು. ಮಗಳು ಫ್ರೆಂಚ್ ಶಾಲೆ ಬಿಡದಂತೆ ನೋಡಿಕೊಂಡವರು ಅವರೇ.

1943ರಲ್ಲಿ ರುಫಿಸ್ಕ್‌ನ ಬಾಲಕಿಯರ ಶಿಕ್ಷಕ ತರಬೇತಿ ಶಾಲೆಯ ಪ್ರವೇಶ ಪರೀಕ್ಷೆಯಲ್ಲಿ ಅವರು ಇಡೀ ಫ್ರೆಂಚ್ ಪಶ್ಚಿಮ ಆಫ್ರಿಕಾಕ್ಕೆ ಮೊದಲಿಗರಾದರು. ಬೇರೆ ಬೇರೆ ವಸಾಹತುಗಳ ಹುಡುಗಿಯರು ಒಂದೇ ಸೂರಿನಡಿ ಕಲಿಯುತ್ತಿದ್ದ ಈ ಶಾಲೆಗೆ ಜೆರ್ಮೆನ್ ಲ ಗೋಫ್ ಮುಖ್ಯಸ್ಥೆಯಾಗಿದ್ದರು. ಆಕೆಯ ಮೇಲೆ ಮರಿಯಾಮಾ ಅವರಿಗಿದ್ದ ಗೌರವ ದೊಡ್ಡದು. ಆದರೆ ಈ ಶಾಲೆಯನ್ನು ಬಿಡುಗಡೆಯ ಬಾಗಿಲೆಂದಷ್ಟೇ ಬಣ್ಣಿಸುವವರು ಒಂದು ಸಂಗತಿಯನ್ನು ಮರೆಯುತ್ತಾರೆ. ವಿದ್ಯಾವಂತ ಆಫ್ರಿಕನ್ ಪುರುಷರಿಗೆ ತಕ್ಕ ಪತ್ನಿಯರನ್ನು ಸಿದ್ಧಪಡಿಸುವುದೂ ಸ್ತ್ರೀಶಿಕ್ಷಣದಿಂದ ವಸಾಹತು ಆಡಳಿತ ಬಯಸಿದ ಫಲಗಳಲ್ಲಿ ಒಂದಾಗಿತ್ತು. ಅಜ್ಜಿಯ ಮನೆ ಒಂದು ಬಗೆಯ ದಾಂಪತ್ಯಕ್ಕೆ ತರಬೇತಿ ಕೊಟ್ಟರೆ, ರುಫಿಸ್ಕ್ ಇನ್ನೊಂದು ಬಗೆಯ ದಾಂಪತ್ಯಕ್ಕೆ ಕೊಟ್ಟಿತು. ತಾನೇ ಆರಿಸಿಕೊಂಡ ಸಂಗಾತಿ, ಒಬ್ಬನಿಗೆ ಒಬ್ಬಳೇ ಎಂಬ ಆದರ್ಶವೂ ಕಲಿಸಿಕೊಟ್ಟದ್ದೇ ಆಗಿತ್ತು.

1947ರಲ್ಲಿ ತರಬೇತಿ ಮುಗಿಸಿ ಸುಮಾರು ಹನ್ನೆರಡು ವರ್ಷ ಅಧ್ಯಾಪನ ಮಾಡಿದ ಅವರು, ಆರೋಗ್ಯ ಕೆಟ್ಟಾಗ ಶಾಲಾ ತನಿಖಾ ಕಚೇರಿಗೆ ವರ್ಗವಾದರು. ಮೂರು ಬಾರಿ ವಿವಾಹವಾದರು. ಒಂಬತ್ತು ಮಕ್ಕಳ ತಾಯಿಯಾದರು. ರಾಜಕಾರಣಿ ಒಬೆಯೆ ದಿಯೋಪ್ ಅವರೊಂದಿಗಿನ ದಾಂಪತ್ಯವೂ ವಿಚ್ಛೇದನದಲ್ಲಿ ಕೊನೆಗೊಂಡಿತು. ಮಹಿಳಾ ಸಂಘಟನೆಗಳಲ್ಲಿ ಅವರು ಸಕ್ರಿಯರಾಗಿದ್ದರು. 1972ರಲ್ಲಿ ಅಂಗೀಕಾರವಾದ ಸೆನೆಗಲ್‌ನ ಕುಟುಂಬ ಸಂಹಿತೆ ಬಹುಪತ್ನಿತ್ವವನ್ನು ರದ್ದುಮಾಡಲಿಲ್ಲ. ಏಕಪತ್ನಿತ್ವವೋ ಬಹುಪತ್ನಿತ್ವವೋ ಎಂಬ ಆಯ್ಕೆಯನ್ನು ಗಂಡಿಗೆ ಕೊಟ್ಟಿತು.

ಅವರ ಮೊದಲ ಕಾದಂಬರಿ 'ಯೂನ್ ಸಿ ಲಾಂಗ್ ಲೆಟ್ರ್' (ಇಷ್ಟು ದೀರ್ಘವಾದ ಪತ್ರ) 1979ರಲ್ಲಿ ಪ್ರಕಟವಾದಾಗ ಅವರಿಗೆ ಐವತ್ತು ವರ್ಷ. ವಿಧವೆ ರಮತುಲಾಯೆ ಇದ್ದತ್‌ನ ದಿನಗಳಲ್ಲಿ ಗೆಳತಿ ಐಸತುವಿಗೆ ಬರೆಯುವ ಪತ್ರದ ರೂಪ ಅದರದು. ವಿಮರ್ಶಕರ ಗಮನ ಸಾಮಾನ್ಯವಾಗಿ ಈ ಇಬ್ಬರ ಮೇಲೆ ನಿಲ್ಲುತ್ತದೆ. ನನ್ನ ದೃಷ್ಟಿಯಲ್ಲಿ ಕಿರಿಯ ನಬುವಿನ ಪ್ರಸಂಗವೇ ಹೆಚ್ಚು ಮಹತ್ವದ್ದು. ಅಕ್ಕಸಾಲಿಯ ಮಗಳಾದ ಐಸತುವನ್ನು ಮಗ ಪ್ರೀತಿಸಿ ಮದುವೆಯಾದದ್ದನ್ನು ಸಹಿಸದ ರಾಜವಂಶದ ತಾಯಿ, ತನ್ನ ಸೋದರನ ಮಗಳನ್ನು ಊರಿನಿಂದ ಕರೆತಂದು ವರ್ಷಗಟ್ಟಲೆ ಸಾಕುತ್ತಾಳೆ. ಕಥೆ, ನಡವಳಿಕೆ, ವಿಧೇಯತೆ, ವಂಶಗೌರವ ಎಲ್ಲವನ್ನೂ ಕಲಿಸುತ್ತಾಳೆ, ಸೂಲಗಿತ್ತಿಯರ ಶಾಲೆಗೂ ಸೇರಿಸುತ್ತಾಳೆ. ಕೊನೆಗೆ ಮಗನಿಗೆ ಎರಡನೆಯ ಹೆಂಡತಿಯಾಗಿ ಕೊಡುತ್ತಾಳೆ. ಹುಡುಗಿಗೆ ಇದರಲ್ಲಿ ಬಲವಂತ ಕಾಣುವುದೇ ಇಲ್ಲ. ಸಾಕಣೆಯೇ ಸೇಡಿನ ಸಾಧನವಾಗುವ ಈ ಭಾಗ ಕಾದಂಬರಿಯಲ್ಲಿ ಅತ್ಯಂತ ಕ್ರೂರವಾದದ್ದು. ಅಷ್ಟೇ ಕ್ರೂರವಾದುದು ರುಫಿಸ್ಕ್‌ನಂತಹ ಶಾಲೆಯಲ್ಲೇ ಕಲಿತ ರಮತುಲಾಯೆಯ ಪಾಡು. ತಾಯಿಯ ಮಾತು ಮೀರಿ ಪ್ರೇಮಿಸಿ ವರಿಸಿದವನು ಇಪ್ಪತ್ತೈದು ವರ್ಷಗಳ ನಂತರ ಮಗಳ ಸಹಪಾಠಿಯನ್ನೇ ಮದುವೆಯಾಗುತ್ತಾನೆ.

ಐಸತು ನಾಲ್ವರು ಗಂಡುಮಕ್ಕಳೊಂದಿಗೆ ಗಂಡನನ್ನು ತೊರೆಯುತ್ತಾಳೆ. ರಮತುಲಾಯೆ ಉಳಿಯುತ್ತಾಳೆ. ಸ್ವತಃ ವಿಚ್ಛೇದಿತೆಯಾದ ಲೇಖಕಿ ತನ್ನ ನಿರೂಪಕಿಯನ್ನು ದಾಂಪತ್ಯದಲ್ಲಿಯೇ ಉಳಿಸಿದ್ದರಿಂದ ಈ ಕೃತಿಯನ್ನು ಆತ್ಮಕಥೆಯಾಗಿ ಓದುವುದು ಕಷ್ಟ. ಗಂಡ ತೀರಿದ ಮೇಲೆ ಬಂದ ಅವನ ಸೋದರನ ಪ್ರಸ್ತಾಪವನ್ನೂ ಹಳೆಯ ಅಭಿಮಾನಿಯ ಪ್ರಸ್ತಾಪವನ್ನೂ ರಮತುಲಾಯೆ ನಿರಾಕರಿಸುತ್ತಾಳೆ. ಅವಿವಾಹಿತ ಮಗಳು ಗರ್ಭಿಣಿಯೆಂದು ತಿಳಿದಾಗ ಹಿರಿಯರ ರೀತಿಯಂತೆ ಸಿಡಿಯದೆ ಅವಳನ್ನು ಅಪ್ಪಿಕೊಳ್ಳುತ್ತಾಳೆ. ತಾನು ಕಲಿತ ಎರಡೂ ಪಾಠಗಳನ್ನು ಆಕೆ ಮೀರುವುದು ತಾಯಿಯಾಗಿ ಈ ಗಳಿಗೆಯಲ್ಲಿ.

ಕಾದಂಬರಿಗೆ 1980ರಲ್ಲಿ ಮೊದಲ ನೋಮಾ ಪ್ರಶಸ್ತಿ ದೊರೆಯಿತು. 1981ರ ಆಗಸ್ಟ್‌ನಲ್ಲಿ ಮರಿಯಾಮಾ ಬಾ ಕ್ಯಾನ್ಸರ್‌ನಿಂದ ತೀರಿಕೊಂಡರು. ಎರಡನೆಯ ಕಾದಂಬರಿ 'ಅಂ ಶಾಂ ಎಕಾರ್ಲಾತ್' (ಕಡುಗೆಂಪು ಹಾಡು) ಆ ಬಳಿಕ ಹೊರಬಂದಿತು. ಫ್ರೆಂಚ್ ರಾಜತಾಂತ್ರಿಕನ ಮಗಳು ಮಿರೇಯ್ ತಂದೆತಾಯಿಯರನ್ನು ತೊರೆದು ಉಸ್ಮಾನನನ್ನು ವರಿಸುತ್ತಾಳೆ. ಅವನು ಗುಟ್ಟಾಗಿ ಬಾಲ್ಯದ ಗೆಳತಿಯನ್ನು ಎರಡನೆಯ ಹೆಂಡತಿಯಾಗಿ ತಂದುಕೊಳ್ಳುತ್ತಾನೆ, ಅವನ ತಾಯಿಗೂ ಅದೇ ಬೇಕಾಗಿರುತ್ತದೆ. ಮಿರೇಯ್ ಬುದ್ಧಿಭ್ರಮಣೆಗೊಳಗಾಗಿ ತನ್ನ ಮಗುವನ್ನೇ ಕೊಲ್ಲುತ್ತಾಳೆ. ಪ್ಯಾರಿಸ್‌ನ ಸಾಕಣೆಯೂ ಅಲ್ಲಿ ಹೆಣ್ಣನ್ನು ಕಾಯುವುದಿಲ್ಲ.