ಗ್ಯಾರಿ ಕಿಲ್ಡಾಲ್

ಗಣಕಯಂತ್ರದ ಚರಿತ್ರೆಯನ್ನು ಬಲ್ಲವರು ಗ್ಯಾರಿ ಕಿಲ್ಡಾಲರನ್ನು ಸಿಪಿ/ಎಂ ವ್ಯವಸ್ಥೆಯ ಕರ್ತೃವೆಂದು ಸ್ಮರಿಸುವರು. ಅವರ ಇನ್ನೊಂದು ಕೊಡುಗೆ ಅದಕ್ಕಿಂತಲೂ ಆಳವಾದುದು. ಅದನ್ನು ಅರಿತವರು ಕಡಮೆ.

ಕಿಲ್ಡಾಲರು ೧೯೪೨ನೆಯ ಮೇ ೧೯ರಂದು ಅಮೆರಿಕದ ಸಿಯಾಟಲ್ ನಗರದಲ್ಲಿ ಜನಿಸಿದರು. ಅವರ ಮನೆತನದವರು ನೌಕಾಯಾನ ವಿದ್ಯೆಯ ಶಾಲೆಯೊಂದನ್ನು ನಡೆಸುತ್ತಿದ್ದರು. ವಾಷಿಂಗ್ಟನ್ ವಿಶ್ವವಿದ್ಯಾನಿಲಯದಲ್ಲಿ ಗಣಿತ ಕಲಿಯಹೋದ ಈ ತರುಣರು ಗಣಕವಿಜ್ಞಾನಕ್ಕೆ ಮನಸೋತು, ೧೯೭೨ರಲ್ಲಿ ಡಾಕ್ಟರೇಟ್ ಪದವಿ ಪಡೆದರು. ಮಾಂಟೆರೆಯಲ್ಲಿರುವ ನೌಕಾಪಡೆಯ ಸ್ನಾತಕೋತ್ತರ ಶಾಲೆಯಲ್ಲಿ ಅಧ್ಯಾಪಕರಾಗಿದ್ದಾಗ, ೧೯೭೩ರಲ್ಲಿ, ಕಂಪೈಲರುಗಳನ್ನು ಕುರಿತು ಒಂದು ಪ್ರಬಂಧವನ್ನು ಪ್ರಕಟಿಸಿದರು.

ನಾವು ಬರೆದ ಪ್ರೋಗ್ರಾಮನ್ನು ಯಂತ್ರದ ಭಾಷೆಗೆ ತಿರುಗಿಸುವ ಸಾಧನವೇ ಕಂಪೈಲರ್. ಅನಗತ್ಯ ಲೆಕ್ಕಗಳನ್ನು ಅದು ಕೈಬಿಡಬೇಕಾದರೆ, ಯಾವ ಬೆಲೆ ಎಲ್ಲಿಂದ ಎಲ್ಲಿಗೆ ಹರಿಯುವುದೆಂದು ತಿಳಿದಿರಬೇಕು. ನಮ್ಮ ಕೋಟೆಯಲ್ಲಿ ಮೇಲಿನ ಹೊಂಡದ ನೀರು ಕೆಳಗಿನ ಹೊಂಡಕ್ಕೆ ಇಳಿಯುವಂತೆ, ಪ್ರೋಗ್ರಾಮಿನಲ್ಲಿ ಬೆಲೆಗಳು ಹರಿಯುತ್ತವೆ. ಎರಡು ದಾರಿಗಳಿಂದಲೂ ೫ ಬಂದರೆ ಬೆಲೆ ೫. ಒಂದರಿಂದ ೫, ಇನ್ನೊಂದರಿಂದ ೭ ಬಂದರೆ ಬೆಲೆ ನಿಶ್ಚಿತವಲ್ಲ. ಹೀಗೆ ಎಲ್ಲ ದಾರಿಗಳೂ ಒಪ್ಪಿದುದನ್ನು ಮಾತ್ರ ಉಳಿಸಿಕೊಂಡು, ಫಲ ಬದಲಾಗದಿರುವವರೆಗೆ ಮತ್ತೆ ಮತ್ತೆ ಲೆಕ್ಕ ಮಾಡುವ ಕ್ರಮವನ್ನು ಕಿಲ್ಡಾಲರು ಗಣಿತದ ತಳಹದಿಯ ಮೇಲೆ ನಿಲ್ಲಿಸಿದರು.

ಈ ಕ್ರಮಕ್ಕೆ ಕಠಿನ ಪರೀಕ್ಷೆ ಒಡ್ಡುವವು ಎರಡು. ಮೊದಲನೆಯದು ಪಾಯಿಂಟರ್. ಹಿರಿಯೂರಿನ ಜಲಾಶಯಕ್ಕೆ ವಾಣೀವಿಲಾಸ ಸಾಗರ, ಮಾರಿಕಣಿವೆ ಎಂದು ಎರಡು ಹೆಸರು. ಒಂದರ ನೀರು ಇಳಿದರೆ ಇನ್ನೊಂದರದೂ ಇಳಿದಂತೆಯೇ. ಎರಡೂ ಒಂದೆಂದು ಅರಿಯದವನ ಲೆಕ್ಕ ತಪ್ಪುವುದು. ಪಾಯಿಂಟರ್ ಇಂತಹ ಇನ್ನೊಂದು ಹೆಸರು. ಅದು ಯಾವುದನ್ನು ತೋರುತ್ತಿದೆಯೆಂದು ಅನೇಕವೇಳೆ ಕಂಪೈಲರಿಗೆ ತಿಳಿಯದು. ಎರಡನೆಯದು ಪ್ರೊಸೀಜರಿನ ಕರೆ. ಹೊಳಲ್ಕೆರೆಗೆ ಕಳುಹಿಸಿದ ಲೆಕ್ಕದ ಪುಸ್ತಕ ಮರಳಿ ಬಂದಾಗ, ಅಲ್ಲಿ ಯಾರು ಏನನ್ನು ತಿದ್ದಿದರೆಂಬುದನ್ನು ತೆರೆದು ನೋಡದೆ ಹೇಳಲಾದೀತೆ? ಒಳಹೊಕ್ಕು ಪರೀಕ್ಷಿಸಬೇಕು, ಇಲ್ಲವೆ ಎಲ್ಲವೂ ಬದಲಾಗಿರಬಹುದೆಂದು ಭಾವಿಸಬೇಕು. ಹಾಗೆ ಭಾವಿಸಿದರೆ ಪ್ರೋಗ್ರಾಮು ನಿಧಾನವಾದೀತು. ದುಡುಕಿ ಊಹಿಸಿದರೆ ಉತ್ತರವೇ ತಪ್ಪೀತು. ನಿಧಾನವನ್ನು ಸಹಿಸಬಹುದು, ತಪ್ಪನ್ನಲ್ಲ. ಈ ತೊಡಕುಗಳನ್ನು ಬಿಡಿಸಲು ಮುಂದಿನ ವಿದ್ವಾಂಸರು ಬಹಳ ಶ್ರಮಿಸಿದರು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ವೈ. ಎನ್. ಶ್ರೀಕಾಂತ್ ಮತ್ತು ಪ್ರೀತಿ ಶಂಕರ್ ೨೦೦೨ರಲ್ಲಿ ಕಂಪೈಲರ್ ರಚನೆಯನ್ನು ಕುರಿತ ಬೃಹತ್ ಗ್ರಂಥವನ್ನು ಸಂಪಾದಿಸಿದರು.

ಕಿಲ್ಡಾಲರು ಪತ್ನಿ ಡೊರೊತಿಯೊಡನೆ ಡಿಜಿಟಲ್ ರಿಸರ್ಚ್ ಸಂಸ್ಥೆಯನ್ನು ಕಟ್ಟಿದರು. ಆದರೆ ೧೯೮೧ರಲ್ಲಿ ಹೊರಬಂದ ಐ.ಬಿ.ಎಂ. ಗಣಕದೊಡನೆ ಮೈಕ್ರೊಸಾಫ್ಟಿನ ವ್ಯವಸ್ಥೆಯೇ ಮೇಲುಗೈ ಪಡೆಯಿತು. ಕಿಲ್ಡಾಲರು ೧೯೯೪ನೆಯ ಜುಲೈ ೧೧ರಂದು, ೫೨ನೆಯ ವಯಸ್ಸಿನಲ್ಲಿ, ತೀರಿಕೊಂಡರು. ಮಾರುಕಟ್ಟೆಯಲ್ಲಿ ಅವರು ಸೋತಿರಬಹುದು. ಆದರೆ ಖಚಿತವಾಗಿ ತಿಳಿದುದನ್ನಷ್ಟೇ ನಂಬಿ ಮುನ್ನಡೆಯುವ ಅವರ ಕ್ರಮ ಇಂದಿನ ಕಂಪೈಲರುಗಳಲ್ಲಿ ಜೀವಂತವಾಗಿದೆ. ವಿದ್ಯಾರ್ಥಿಗಳಾದ ನಮಗೂ ಅದು ಒಳ್ಳೆಯ ಪಾಠವೇ ಸರಿ.